ಅನ್ನ, ನೀರು, ನೆಲದ ದೂರಿಗೆ ಬಂಜುಲ್‌ನ ಬಾಗಿಲು: ಆಫ್ರಿಕಾದ ಮಾನವ ಹಕ್ಕು ಆಯೋಗದ ಕಾರ್ಯವಿಧಾನ

ಕುಡಿಯುವ ನೀರನ್ನು ಕೆಡಿಸಿದ್ದು, ಉಳುವ ನೆಲವನ್ನು ಕಸಿದದ್ದು ಸರ್ಕಾರವೇ ಆಗಿದ್ದು, ದೇಶದ ನ್ಯಾಯಾಲಯಗಳೂ ಅಹವಾಲು ಕೇಳದೆ ಹೋದರೆ ನೊಂದವರು ಎಲ್ಲಿಗೆ ಹೋಗಬೇಕು? ಆಫ್ರಿಕಾ ಖಂಡದ ಮಟ್ಟಿಗೆ ಈ ಪ್ರಶ್ನೆಗೆ ಒಂದು ವಿಳಾಸವಿದೆ. ಪಶ್ಚಿಮ ಆಫ್ರಿಕಾದ ಪುಟ್ಟ ರಾಷ್ಟ್ರ ಗ್ಯಾಂಬಿಯಾದ ರಾಜಧಾನಿ ಬಂಜುಲ್‌ನಲ್ಲಿ ಕಾರ್ಯಾಲಯ ಹೊಂದಿರುವ ‘ಮಾನವ ಮತ್ತು ಜನಸಮುದಾಯಗಳ ಹಕ್ಕುಗಳ ಆಫ್ರಿಕಾ ಆಯೋಗ’ವೇ ಆ ವಿಳಾಸ. ಮತದಾನ, ವಾಕ್ ಸ್ವಾತಂತ್ರ್ಯಗಳ ಉಲ್ಲಂಘನೆಯನ್ನಷ್ಟೇ ಅಲ್ಲದೆ ಆರೋಗ್ಯ, ಶಿಕ್ಷಣ, ವಸತಿ, ಆಹಾರ, ಪರಿಸರ ಮುಂತಾದ ಸಾಮಾಜಿಕ-ಆರ್ಥಿಕ ಹಕ್ಕುಗಳ ಉಲ್ಲಂಘನೆಯನ್ನೂ ಈ ಆಯೋಗದ ಮುಂದೆ ದೂರಾಗಿ ಒಯ್ಯಬಹುದು.

ಈ ಬಾಗಿಲು ಬಹಳ ಅಗಲವಾದದ್ದು. ಶುಲ್ಕವಿಲ್ಲ, ವಕೀಲರ ಕಡ್ಡಾಯವಿಲ್ಲ, ದೂರುದಾರ ಸ್ವತಃ ನೊಂದವನೇ ಆಗಿರಬೇಕೆಂಬ ನಿಯಮವೂ ಇಲ್ಲ. ಆದರೆ ಒಳಹೊಕ್ಕವರು ಬರಿಗೈಯಲ್ಲಿ ಮರಳದಂತೆ ನೋಡಿಕೊಳ್ಳುವ ವ್ಯವಸ್ಥೆ ಅಷ್ಟು ಬಲವಾಗಿಲ್ಲ. ನೈಜೀರಿಯಾದ ಒಗೋನಿ, ಕೀನ್ಯಾದ ಎಂಡೊರೋಯಿಸ್ ಮತ್ತು ಒಗಿಯೆಕ್ ಸಮುದಾಯಗಳ ಪ್ರಕರಣಗಳು ಈ ಎರಡು ಮುಖಗಳನ್ನೂ ಸ್ಪಷ್ಟವಾಗಿ ತೋರಿಸುತ್ತವೆ.

ಸನ್ನದಿನ ಹಿನ್ನೆಲೆ

ಆಯೋಗದ ಮೂಲಾಧಾರ ‘ಮಾನವ ಮತ್ತು ಜನಸಮುದಾಯಗಳ ಹಕ್ಕುಗಳ ಆಫ್ರಿಕಾ ಸನ್ನದು’. 1979ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಸೇರಿದ ತಜ್ಞರ ಸಭೆ ಇದರ ಕರಡಿಗೆ ಕೈಹಾಕಿತು. ‘ಅಭಿವೃದ್ಧಿಯೂ ಒಂದು ಮಾನವ ಹಕ್ಕು’ ಎಂಬ ವಾದವನ್ನು 1972ರಲ್ಲೇ ಮುಂದಿಟ್ಟಿದ್ದ ಸೆನೆಗಲ್‌ನ ನ್ಯಾಯವೇತ್ತ ಕೆಬಾ ಎಂಬಾಯ್ ಈ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದರು. 1981ರ ಜೂನ್ 27ರಂದು ನೈರೋಬಿಯಲ್ಲಿ ಆಫ್ರಿಕಾ ಐಕ್ಯತಾ ಸಂಘಟನೆಯ ಶೃಂಗಸಭೆ ಸನ್ನದನ್ನು ಅಂಗೀಕರಿಸಿತು. 1986ರ ಅಕ್ಟೋಬರ್ 21ರಂದು ಅದು ಜಾರಿಗೆ ಬಂತು. ಮರುವರ್ಷ ಆಯೋಗ ಅಸ್ತಿತ್ವಕ್ಕೆ ಬಂದು, 1989ರಿಂದ ಅದರ ಕಾರ್ಯಾಲಯ ಬಂಜುಲ್‌ನಲ್ಲಿ ನೆಲೆಗೊಂಡಿದೆ. ಆಯೋಗದಲ್ಲಿ 11 ಮಂದಿ ಸದಸ್ಯರಿದ್ದು, ಅವರ ಅಧಿಕಾರಾವಧಿ 6 ವರ್ಷ. ಅವರು ತಮ್ಮ ದೇಶದ ಪ್ರತಿನಿಧಿಗಳಾಗಿ ಅಲ್ಲ, ಸ್ವತಂತ್ರ ತಜ್ಞರಾಗಿ ಕಾರ್ಯ ನಿರ್ವಹಿಸಬೇಕು. ಆಫ್ರಿಕಾ ಒಕ್ಕೂಟದ 55 ಸದಸ್ಯ ರಾಷ್ಟ್ರಗಳಲ್ಲಿ ಮೊರಾಕ್ಕೊ ಒಂದನ್ನು ಬಿಟ್ಟು ಉಳಿದ 54 ರಾಷ್ಟ್ರಗಳು ಸನ್ನದನ್ನು ಅನುಮೋದಿಸಿವೆ.

ಯಾವ ಹಕ್ಕುಗಳಿಗೆ ರಕ್ಷಣೆ?

ಬಹುತೇಕ ಅಂತರರಾಷ್ಟ್ರೀಯ ಒಪ್ಪಂದಗಳು ನಾಗರಿಕ ಹಕ್ಕುಗಳನ್ನು ಒಂದು ಕಡೆ, ಸಾಮಾಜಿಕ-ಆರ್ಥಿಕ ಹಕ್ಕುಗಳನ್ನು ಇನ್ನೊಂದು ಕಡೆ ಇಟ್ಟು, ಮೊದಲನೆಯವನ್ನು ಕೂಡಲೇ ಜಾರಿಯಾಗಬೇಕಾದವೆಂದೂ ಎರಡನೆಯವನ್ನು ನಿಧಾನವಾಗಿ ಸಾಧಿಸಬೇಕಾದವೆಂದೂ ವಿಂಗಡಿಸುತ್ತವೆ. ಭಾರತದ ಸಂವಿಧಾನದಲ್ಲಿಯೂ ಮೂಲಭೂತ ಹಕ್ಕುಗಳು ಮತ್ತು ರಾಜ್ಯನೀತಿ ನಿರ್ದೇಶಕ ತತ್ವಗಳ ನಡುವೆ ಇಂಥದೇ ಗೆರೆಯಿದೆ. ಆಫ್ರಿಕಾ ಸನ್ನದು ಈ ಗೆರೆಯನ್ನು ಎಳೆಯಲಿಲ್ಲ. ಎರಡು ಬಗೆಯ ಹಕ್ಕುಗಳೂ ಒಂದೇ ದಾಖಲೆಯಲ್ಲಿ, ಒಂದೇ ದೂರು ವ್ಯವಸ್ಥೆಯಡಿ ಇವೆ.

ಸನ್ನದಿನ 14ನೇ ವಿಧಿ ಆಸ್ತಿಯ ಹಕ್ಕನ್ನು, 15ನೇ ವಿಧಿ ನ್ಯಾಯಯುತ ಸ್ಥಿತಿಗತಿಯಲ್ಲಿ ದುಡಿಯುವ ಹಕ್ಕನ್ನು, 16ನೇ ವಿಧಿ ಆರೋಗ್ಯದ ಹಕ್ಕನ್ನು, 17ನೇ ವಿಧಿ ಶಿಕ್ಷಣ ಮತ್ತು ಸಂಸ್ಕೃತಿಯ ಹಕ್ಕನ್ನು, 18ನೇ ವಿಧಿ ಕುಟುಂಬದ ರಕ್ಷಣೆಯನ್ನು ಹೇಳುತ್ತವೆ. ಇದಲ್ಲದೆ ಇಡೀ ಜನಸಮುದಾಯಕ್ಕೆ ಸೇರಿದ ಹಕ್ಕುಗಳೂ ಇವೆ. ನೈಸರ್ಗಿಕ ಸಂಪತ್ತಿನ ಮೇಲಿನ ಹಕ್ಕು 21ನೇ ವಿಧಿಯಲ್ಲಿ, ಅಭಿವೃದ್ಧಿಯ ಹಕ್ಕು 22ನೇ ವಿಧಿಯಲ್ಲಿ, ತೃಪ್ತಿಕರ ಪರಿಸರದ ಹಕ್ಕು 24ನೇ ವಿಧಿಯಲ್ಲಿ ಬರುತ್ತವೆ.

ವಸತಿ ಮತ್ತು ಆಹಾರದ ಹಕ್ಕುಗಳು ಸನ್ನದಿನಲ್ಲಿ ಹೆಸರಿಸಿ ಹೇಳಿದವಲ್ಲ. ಅವನ್ನು ಆಯೋಗ ಅನಂತರದ ತೀರ್ಮಾನಗಳಲ್ಲಿ ಇತರ ವಿಧಿಗಳಿಂದ ಓದಿ ತೆಗೆಯಿತು. 2010ರಲ್ಲಿ ಅಂಗೀಕರಿಸಿ ಮರುವರ್ಷ ಪ್ರಕಟಿಸಿದ ಮಾರ್ಗಸೂಚಿಗಳಲ್ಲಿ ನೀರು, ನೈರ್ಮಲ್ಯ, ಸಾಮಾಜಿಕ ಭದ್ರತೆಗಳನ್ನೂ ಸೇರಿಸಿ ಪ್ರತಿಯೊಂದು ಹಕ್ಕಿನ ವ್ಯಾಪ್ತಿಯನ್ನು ವಿವರಿಸಿತು.

ಈ ಹಕ್ಕುಗಳು ಕೇವಲ ಆಶಯಗಳಲ್ಲವೆಂಬುದನ್ನು ಆಯೋಗ ಆರಂಭದಲ್ಲೇ ತೋರಿಸಿಕೊಟ್ಟಿತು. ಇಂದು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯವೆನಿಸಿರುವ ಅಂದಿನ ಝೈರ್ ವಿರುದ್ಧದ ದೂರುಗಳಲ್ಲಿ, ಶುದ್ಧ ಕುಡಿಯುವ ನೀರು, ವಿದ್ಯುತ್ತು ಒದಗಿಸದಿರುವುದು ಮತ್ತು ಔಷಧಗಳ ಕೊರತೆ ಆರೋಗ್ಯದ ಹಕ್ಕಿನ ಉಲ್ಲಂಘನೆಯೆಂದು 1995ರಲ್ಲಿ ತೀರ್ಮಾನಿಸಿತು. ವಿಶ್ವವಿದ್ಯಾಲಯಗಳನ್ನು ಮುಚ್ಚಿದ್ದು ಶಿಕ್ಷಣದ ಹಕ್ಕಿನ ಉಲ್ಲಂಘನೆಯೆಂದೂ ಹೇಳಿತು.

ದೂರು ಸಲ್ಲಿಸುವ ಕ್ರಮ

ಸನ್ನದಿನ 55ನೇ ವಿಧಿಯ ಪ್ರಕಾರ ವ್ಯಕ್ತಿಗಳು ಮತ್ತು ಸಂಸ್ಥೆಗಳು ಆಯೋಗಕ್ಕೆ ದೂರು ನೀಡಬಹುದು. ಆಯೋಗದ ಪರಿಭಾಷೆಯಲ್ಲಿ ಇದಕ್ಕೆ ‘ಕಮ್ಯೂನಿಕೇಶನ್’ ಎಂದು ಹೆಸರು. ದೂರುದಾರರು ಸಂಬಂಧಪಟ್ಟ ದೇಶದ ಪ್ರಜೆಗಳಾಗಿರಬೇಕಾಗಿಲ್ಲ. ಆಯೋಗದ ಬಳಿ ವೀಕ್ಷಕ ಸ್ಥಾನ ಪಡೆದ ಸ್ವಯಂಸೇವಾ ಸಂಸ್ಥೆಗಳು 500ಕ್ಕೂ ಹೆಚ್ಚಿವೆ. ಆದರೆ ದೂರು ಕೊಡಲು ಆ ಸ್ಥಾನವೂ ಬೇಕಿಲ್ಲ. ಮನೋರೋಗಿಗಳು, ನೆಲೆ ಕಳೆದುಕೊಂಡ ಬುಡಕಟ್ಟು ಜನರು ಮುಂತಾದವರು ತಾವೇ ಪತ್ರ ಬರೆದು ಕಳುಹಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಅವರ ಪರವಾಗಿ ಬೇರೆಯವರು ಬರೆಯಲು ಅವಕಾಶವಿರುವುದು ಈ ಕಾರಣಕ್ಕೆ ಮಹತ್ವದ್ದಾಗಿದೆ.

ದೂರು ಲಿಖಿತವಾಗಿರಬೇಕು. ದೂರುದಾರರ ಹೆಸರು, ಯಾವ ರಾಷ್ಟ್ರದ ವಿರುದ್ಧ ದೂರು, ಏನು ನಡೆಯಿತು, ಎಲ್ಲಿ, ಯಾವಾಗ, ಯಾರಿಗೆ ಹಾನಿಯಾಯಿತು, ಯಾವ ಅಧಿಕಾರಿಗಳ ಗಮನಕ್ಕೆ ತರಲಾಯಿತು, ಆ ದೇಶದ ನ್ಯಾಯಾಲಯಗಳಲ್ಲಿ ಏನಾಯಿತು, ಇದೇ ವಿಷಯ ಬೇರೆ ಅಂತರರಾಷ್ಟ್ರೀಯ ಸಂಸ್ಥೆಯ ಮುಂದಿದೆಯೇ ಎಂಬ ವಿವರಗಳು ಅಗತ್ಯ. ಪ್ರಾಣಹಾನಿ ಅಥವಾ ಸರಿಪಡಿಸಲಾಗದ ನಷ್ಟದ ಭೀತಿಯಿದ್ದರೆ ಅಂತಿಮ ತೀರ್ಮಾನಕ್ಕೆ ಮೊದಲೇ ಮಧ್ಯಂತರ ರಕ್ಷಣೆಗೆ ಕೋರಬಹುದು. ಮನೆಗಳ ನೆಲಸಮ, ಒಕ್ಕಲೆಬ್ಬಿಸುವಿಕೆಯಂಥ ಪ್ರಕರಣಗಳಲ್ಲಿ ಇದು ಬಹಳ ಮುಖ್ಯ.

ದೂರನ್ನು ಸ್ವೀಕರಿಸಿದ ಮೇಲೆ ಆಯೋಗ ಅದನ್ನು ಸಂಬಂಧಪಟ್ಟ ಸರ್ಕಾರಕ್ಕೆ ಕಳುಹಿಸಿ ಉತ್ತರ ಕೇಳುತ್ತದೆ. ದೂರು ವಿಚಾರಣೆಗೆ ಯೋಗ್ಯವೇ ಎಂಬುದನ್ನು ಮೊದಲು ನಿರ್ಧರಿಸಿ, ಬಳಿಕ ಹಕ್ಕಿನ ಉಲ್ಲಂಘನೆಯಾಗಿದೆಯೇ ಎಂಬುದನ್ನು ಪರಿಶೀಲಿಸುತ್ತದೆ. ಸರ್ಕಾರ ಮೌನವಾಗಿದ್ದರೆ ಪ್ರಕರಣ ನಿಲ್ಲುವುದಿಲ್ಲ. ದೂರುದಾರರು ಒದಗಿಸಿದ ಸಂಗತಿಗಳ ಆಧಾರದ ಮೇಲೆಯೇ ಆಯೋಗ ಮುಂದುವರಿಯುತ್ತದೆ.

ಏಳು ಷರತ್ತುಗಳು

ದೂರು ವಿಚಾರಣೆಗೆ ಯೋಗ್ಯವೆನಿಸಲು 56ನೇ ವಿಧಿ ಏಳು ಷರತ್ತುಗಳನ್ನು ವಿಧಿಸುತ್ತದೆ. ಏಳೂ ಈಡೇರಬೇಕು, ಒಂದು ತಪ್ಪಿದರೂ ದೂರು ಅಲ್ಲಿಗೇ ಮುಗಿಯುತ್ತದೆ.

1. ದೂರುದಾರರ ಹೆಸರು ಇರಬೇಕು. ತಮ್ಮ ಗುರುತನ್ನು ಸರ್ಕಾರಕ್ಕೆ ತಿಳಿಸಬಾರದೆಂದು ಕೋರಲು ಅವಕಾಶವಿದೆ, ಆದರೆ ಆಯೋಗಕ್ಕೆ ಹೆಸರು ತಿಳಿದಿರಬೇಕು.

2. ದೂರು ಆಫ್ರಿಕಾ ಸನ್ನದಿಗೆ ಹೊಂದಿಕೆಯಾಗಬೇಕು. ಅಂದರೆ ಸನ್ನದನ್ನು ಒಪ್ಪಿದ ರಾಷ್ಟ್ರದ ವಿರುದ್ಧ, ಸನ್ನದಿನಲ್ಲಿರುವ ಹಕ್ಕಿನ ಕುರಿತು ಇರಬೇಕು.

3. ಭಾಷೆ ಅವಹೇಳನಕಾರಿಯಾಗಿರಬಾರದು. ಕ್ಯಾಮರೂನ್ ವಿರುದ್ಧದ ಒಂದು ದೂರಿನಲ್ಲಿ ಸರ್ಕಾರವನ್ನು ಚಿತ್ರಹಿಂಸಕರ ಆಡಳಿತವೆಂದು ಕರೆದದ್ದೂ ಅದು ತಿರಸ್ಕೃತವಾಗಲು ಕಾರಣವಾಯಿತು. ಆರೋಪ ಎಷ್ಟೇ ಘೋರವಾಗಿದ್ದರೂ ಮಾತು ಸಂಯಮದಿಂದಿರಬೇಕೆಂಬುದು ಇದರಿಂದ ತಿಳಿಯುವ ಪಾಠ.

4. ದೂರಿಗೆ ಮಾಧ್ಯಮ ವರದಿಗಳೇ ಏಕೈಕ ಆಧಾರವಾಗಿರಬಾರದು. ಗ್ಯಾಂಬಿಯಾದ ಮಾಜಿ ಅಧ್ಯಕ್ಷ ದಾವ್ಡಾ ಜವಾರಾ ಸಲ್ಲಿಸಿದ ದೂರಿನಲ್ಲಿ ಆಯೋಗ 2000ದಲ್ಲಿ ಈ ಷರತ್ತನ್ನು ಸ್ಪಷ್ಟಪಡಿಸಿತು. ಪತ್ರಿಕಾ ವರದಿಯನ್ನು ಬಳಸುವುದು ತಪ್ಪಲ್ಲ, ಅದೊಂದನ್ನೇ ನೆಚ್ಚಿಕೊಳ್ಳಬಾರದು ಎಂಬುದು ಅದರ ಸಾರ.

5. ದೇಶದೊಳಗೆ ಲಭ್ಯವಿರುವ ಪರಿಹಾರ ಮಾರ್ಗಗಳನ್ನು ಮೊದಲು ಬಳಸಿ ಮುಗಿಸಿರಬೇಕು. ಆ ಮಾರ್ಗಗಳು ಅತಿಯಾಗಿ ವಿಳಂಬವಾಗುವುದು ಕಣ್ಣಿಗೆ ಕಾಣುವಂತಿದ್ದರೆ ಇದಕ್ಕೆ ವಿನಾಯಿತಿ ಉಂಟು.

6. ದೇಶದೊಳಗಿನ ಮಾರ್ಗಗಳು ಮುಗಿದ ಮೇಲೆ ಸಮಂಜಸ ಅವಧಿಯೊಳಗೆ ದೂರು ಸಲ್ಲಬೇಕು. ಸನ್ನದು ಇಂತಿಷ್ಟೇ ತಿಂಗಳೆಂದು ಹೇಳಿಲ್ಲ. ಆದರೆ ಜಿಂಬಾಬ್ವೆಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ 22 ತಿಂಗಳ ವಿಳಂಬವನ್ನು ಆಯೋಗ ಮನ್ನಿಸಲಿಲ್ಲ.

7. ಅದೇ ವಿವಾದ ವಿಶ್ವಸಂಸ್ಥೆಯ ಅಥವಾ ಆಫ್ರಿಕಾ ಒಕ್ಕೂಟದ ವ್ಯವಸ್ಥೆಯಡಿ ಈಗಾಗಲೇ ಇತ್ಯರ್ಥವಾಗಿರಬಾರದು.

ಈ ಏಳರಲ್ಲಿ ಅತಿ ಹೆಚ್ಚು ವಾದ-ವಿವಾದಕ್ಕೆ ಎಡೆಮಾಡಿರುವುದು ಐದನೆಯದು.

ದೇಶದೊಳಗಿನ ಮಾರ್ಗ ಮುಗಿಯುವುದೆಂದರೇನು?

ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಅವಕಾಶ ಸರ್ಕಾರಕ್ಕೆ ಮೊದಲು ಸಿಗಬೇಕು ಎಂಬುದು ಈ ಷರತ್ತಿನ ಹಿಂದಿನ ತರ್ಕ. ಆದರೆ ಬಡವರ ಪಾಲಿಗೆ ಕಾನೂನು ಪುಸ್ತಕದಲ್ಲಿರುವ ಪರಿಹಾರ ಬೇರೆ, ಕೈಗೆಟುಕುವ ಪರಿಹಾರ ಬೇರೆ. ಆದ್ದರಿಂದ ಪರಿಹಾರ ಮಾರ್ಗ ಲಭ್ಯವಿರಬೇಕು, ಪರಿಣಾಮಕಾರಿಯಾಗಿರಬೇಕು, ಸಾಕಷ್ಟಿರಬೇಕು ಎಂಬ ಮೂರು ಅಳತೆಗೋಲುಗಳನ್ನು ಆಯೋಗ ಜವಾರಾ ಪ್ರಕರಣದಲ್ಲಿ ನಿಗದಿಪಡಿಸಿತು.

ಗ್ಯಾಂಬಿಯಾದ ಮನೋರೋಗಿಗಳ ಪರವಾಗಿ 2001ರಲ್ಲಿ ದಾಖಲಾದ ದೂರು ಇದಕ್ಕೆ ಉತ್ತಮ ನಿದರ್ಶನ. ವಸಾಹತು ಕಾಲದ ಕಾನೂನೊಂದರ ಅಡಿಯಲ್ಲಿ ರೋಗಿಗಳನ್ನು ಅನಿರ್ದಿಷ್ಟ ಕಾಲ ಕೂಡಿಹಾಕಬಹುದಾಗಿತ್ತು; ಅದನ್ನು ಪ್ರಶ್ನಿಸಲು ಆ ಕಾನೂನಿನಲ್ಲಿಯೇ ದಾರಿಯಿರಲಿಲ್ಲ. ಸಂವಿಧಾನಾತ್ಮಕ ಅರ್ಜಿ ಸಲ್ಲಿಸಬಹುದಿತ್ತಲ್ಲ ಎಂಬುದು ಸರ್ಕಾರದ ವಾದ. ಆದರೆ ಆ ದೇಶದಲ್ಲಿ ಕಾನೂನು ನೆರವು ಸಿಗುತ್ತಿದ್ದುದು ಮರಣದಂಡನೆಯ ಪ್ರಕರಣಗಳಿಗೆ ಮಾತ್ರ. ಬೀದಿಯಿಂದ, ಬಡ ಮನೆಗಳಿಂದ ಹಿಡಿದು ತಂದ ರೋಗಿಗಳಿಗೆ ವಕೀಲರಿಲ್ಲದೆ ಉಚ್ಚ ನ್ಯಾಯಾಲಯದ ದಾರಿ ಇದ್ದೂ ಇಲ್ಲದಂತೆಯೇ ಎಂದು ಆಯೋಗ ಹೇಳಿತು. 2003ರ ತೀರ್ಮಾನದಲ್ಲಿ ಆರೋಗ್ಯದ ಹಕ್ಕಿನ ಉಲ್ಲಂಘನೆಯನ್ನು ಗುರುತಿಸಿತು. ಬಡತನದಿಂದಾಗಿ ಅನೇಕ ರಾಷ್ಟ್ರಗಳಿಗೆ ಈ ಹಕ್ಕನ್ನು ಪೂರ್ಣವಾಗಿ ಈಡೇರಿಸುವುದು ಕಷ್ಟವೆಂಬುದನ್ನು ಒಪ್ಪಿಕೊಳ್ಳುತ್ತಲೇ, ಇರುವ ಸಂಪನ್ಮೂಲವನ್ನು ಸಂಪೂರ್ಣ ಬಳಸಿ ನಿರ್ದಿಷ್ಟ ಕ್ರಮಗಳನ್ನು ಕೈಗೊಳ್ಳುವ ಹೊಣೆ ತಪ್ಪದೆಂದು ಸ್ಪಷ್ಟಪಡಿಸಿತು. ಬೊಕ್ಕಸ ಖಾಲಿಯೆಂಬ ಉತ್ತರ ಎಲ್ಲಿಯವರೆಗೆ ನಡೆಯುತ್ತದೆ ಎಂಬುದಕ್ಕೆ ಇದೊಂದು ಮಿತಿ.

ಒಗೋನಿ: ದಾರಿ ತೋರಿದ ಪ್ರಕರಣ

ಸಾಮಾಜಿಕ-ಆರ್ಥಿಕ ಹಕ್ಕುಗಳ ಇತಿಹಾಸದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ಪ್ರಕರಣಗಳಲ್ಲೊಂದು ನೈಜೀರಿಯಾದ ಒಗೋನಿ ಜನರದ್ದು. ನೈಜರ್ ನದಿಯ ಮುಖಜಭೂಮಿಯಲ್ಲಿ ಬೇಸಾಯ, ಮೀನುಗಾರಿಕೆ ನೆಚ್ಚಿಕೊಂಡ ಈ ಸಮುದಾಯದ ನೆಲದಲ್ಲಿ 1958ರಲ್ಲಿ ತೈಲ ಪತ್ತೆಯಾಯಿತು. ಸರ್ಕಾರಿ ಸ್ವಾಮ್ಯದ ರಾಷ್ಟ್ರೀಯ ಪೆಟ್ರೋಲಿಯಂ ನಿಗಮ ಮತ್ತು ಶೆಲ್ ಕಂಪನಿಯ ನೈಜೀರಿಯಾ ಅಂಗಸಂಸ್ಥೆ ಸೇರಿದ್ದ ಒಕ್ಕೂಟ ಇಲ್ಲಿ ತೈಲ ತೆಗೆಯಿತು. ಸೋರಿದ ತೈಲ ಕೆರೆ-ತೊರೆಗಳನ್ನೂ ಹೊಲಗಳನ್ನೂ ಸೇರಿತು. ಪ್ರತಿಭಟನೆ ಬಲಗೊಂಡು 1993ರಲ್ಲಿ ಶೆಲ್ ಅಲ್ಲಿಂದ ಕಾಲ್ತೆಗೆಯಿತು. ಸೇನೆ ಹಳ್ಳಿಗಳಿಗೆ ನುಗ್ಗಿ ಮನೆಗಳನ್ನು ಸುಟ್ಟಿತು, ಬೆಳೆ ಮತ್ತು ಜಾನುವಾರುಗಳನ್ನು ನಾಶಮಾಡಿತು. ಚಳವಳಿಯ ನಾಯಕ, ಲೇಖಕ ಕೆನ್ ಸಾರೊ-ವಿವಾ ಮತ್ತು ಅವರ ಎಂಟು ಸಂಗಡಿಗರನ್ನು 1995ರ ನವೆಂಬರ್ 10ರಂದು ಗಲ್ಲಿಗೇರಿಸಲಾಯಿತು.

ಇದಾದ ನಾಲ್ಕು ತಿಂಗಳಿಗೆ, 1996ರ ಮಾರ್ಚ್‌ನಲ್ಲಿ, ಲಾಗೋಸ್‌ನ ‘ಸೋಷಿಯಲ್ ಅಂಡ್ ಎಕನಾಮಿಕ್ ರೈಟ್ಸ್ ಆಕ್ಷನ್ ಸೆಂಟರ್’ (ಸೆರಾಕ್) ಮತ್ತು ನ್ಯೂಯಾರ್ಕ್‌ನ ‘ಸೆಂಟರ್ ಫಾರ್ ಎಕನಾಮಿಕ್ ಅಂಡ್ ಸೋಷಿಯಲ್ ರೈಟ್ಸ್’ ಸಂಸ್ಥೆಗಳು ಜಂಟಿಯಾಗಿ ದೂರು ಸಲ್ಲಿಸಿದವು. ಅದರ ಸಂಖ್ಯೆ 155/96. ಸೇನಾಡಳಿತದ ಸುಗ್ರೀವಾಜ್ಞೆಗಳು ಇಂಥ ವಿಷಯಗಳಲ್ಲಿ ನ್ಯಾಯಾಲಯಗಳ ಅಧಿಕಾರವನ್ನೇ ಕಿತ್ತುಹಾಕಿದ್ದವು. ಹಾಗಾಗಿ ದೇಶದೊಳಗೆ ಬಳಸಬಹುದಾದ ಮಾರ್ಗವೇ ಇರಲಿಲ್ಲ. ಆಯೋಗದ ಪತ್ರಗಳಿಗೆ ಸರ್ಕಾರ ವರ್ಷಗಟ್ಟಲೆ ಉತ್ತರಿಸಲಿಲ್ಲ. 1997ರ ಮಾರ್ಚ್‌ನಲ್ಲಿ ನೈಜೀರಿಯಾಕ್ಕೆ ಹೋದ ಆಯೋಗದ ತಂಡ ಒಗೋನಿ ನೆಲದ ಸ್ಥಿತಿಯನ್ನು ಕಣ್ಣಾರೆ ಕಂಡಿತು. 1999ರಲ್ಲಿ ನಾಗರಿಕ ಸರ್ಕಾರ ಬಂದ ಬಳಿಕ, ತೈಲ ಕಂಪನಿಗಳಿಂದ ಅಲ್ಲಿ ದೌರ್ಜನ್ಯ ನಡೆದಿದೆ, ನಡೆಯುತ್ತಲೂ ಇದೆ ಎಂದು ಸರ್ಕಾರವೇ ಲಿಖಿತವಾಗಿ ಒಪ್ಪಿಕೊಂಡಿತು.

2001ರ ಅಕ್ಟೋಬರ್‌ನಲ್ಲಿ ಆಯೋಗ ತನ್ನ ತೀರ್ಮಾನ ನೀಡಿತು. ಪ್ರತಿಯೊಂದು ಹಕ್ಕಿಗೂ ಸಂಬಂಧಿಸಿದಂತೆ ಸರ್ಕಾರಕ್ಕೆ ನಾಲ್ಕು ಬಗೆಯ ಹೊಣೆಯಿದೆ ಎಂದು ಅದು ವಿವರಿಸಿತು. ಮೊದಲನೆಯದು ಹಕ್ಕನ್ನು ಗೌರವಿಸುವುದು, ಅಂದರೆ ತಾನೇ ಅದಕ್ಕೆ ಅಡ್ಡಿ ಬರದಿರುವುದು. ಎರಡನೆಯದು ಕಂಪನಿಗಳು ಮುಂತಾದ ಅನ್ಯರಿಂದ ಹಕ್ಕನ್ನು ರಕ್ಷಿಸುವುದು. ಮೂರನೆಯದು ಹಕ್ಕಿನ ಅರಿವು ಮೂಡಿಸಿ ಅದನ್ನು ಪೋಷಿಸುವುದು. ನಾಲ್ಕನೆಯದು ಅದನ್ನು ಈಡೇರಿಸುವುದು. ಸನ್ನದಿನ 2, 4, 14, 16, 18(1), 21 ಮತ್ತು 24ನೇ ವಿಧಿಗಳನ್ನು ನೈಜೀರಿಯಾ ಉಲ್ಲಂಘಿಸಿದೆ ಎಂದು ಘೋಷಿಸಿತು. ಆಸ್ತಿ, ಆರೋಗ್ಯ, ಕುಟುಂಬದ ಹಕ್ಕುಗಳನ್ನು ಒಟ್ಟಿಗೆ ಓದಿದರೆ ವಸತಿಯ ಹಕ್ಕು ಹುಟ್ಟುತ್ತದೆ, ಜೀವಿಸುವ ಹಕ್ಕು, ಆರೋಗ್ಯ, ಅಭಿವೃದ್ಧಿಗಳಲ್ಲಿ ಆಹಾರದ ಹಕ್ಕು ಅಡಕವಾಗಿದೆ ಎಂಬ ವ್ಯಾಖ್ಯಾನವೂ ಈ ತೀರ್ಮಾನದ್ದೇ. ದಾಳಿ ನಿಲ್ಲಿಸಿ, ತಪ್ಪಿತಸ್ಥರನ್ನು ವಿಚಾರಣೆಗೆ ಒಳಪಡಿಸಿ, ಪರಿಹಾರ ಕೊಟ್ಟು, ನೆಲ-ನೀರನ್ನು ಶುದ್ಧೀಕರಿಸಬೇಕೆಂದು ಅದು ಸೂಚಿಸಿತು.

ಸೂಚನೆ ನೀಡಿದ್ದು 2001ರಲ್ಲಿ. ಆದರೆ ಒಗೋನಿ ನೆಲದ ಬಗ್ಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವೈಜ್ಞಾನಿಕ ವರದಿ ಹೊರಬಂದದ್ದು 2011ರ ಆಗಸ್ಟ್‌ನಲ್ಲಿ. ಒಂದು ಊರಿನ ಬಾವಿ ನೀರಿನಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ರಾಸಾಯನಿಕ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟಿಗೂ ಹೆಚ್ಚಿತ್ತು. ಇಡೀ ಪ್ರದೇಶ ಚೇತರಿಸಿಕೊಳ್ಳಲು 25ರಿಂದ 30 ವರ್ಷ ಬೇಕು, ಮೊದಲ ಐದು ವರ್ಷಕ್ಕೆ 100 ಕೋಟಿ ಡಾಲರ್‌ಗಳ ಆರಂಭಿಕ ನಿಧಿ ಬೇಕು ಎಂದು ವರದಿ ಅಂದಾಜಿಸಿತು. ಶುದ್ಧೀಕರಣಕ್ಕೆ ವಿಧ್ಯುಕ್ತ ಚಾಲನೆ ದೊರೆತದ್ದು 2016ರಲ್ಲಿ. ಸ್ಥಳದಲ್ಲಿ ನಿಜವಾದ ಕೆಲಸ ಆರಂಭವಾದದ್ದು 2019ರಲ್ಲಿ.

ಹಣದ ರೂಪದ ಪರಿಹಾರ ಸಿಕ್ಕಿದ್ದು ಬೇರೆ ದಾರಿಯಿಂದ. ಒಗೋನಿ ಪ್ರದೇಶದ ಬೋಡೊ ಸಮುದಾಯ ಬ್ರಿಟನ್ನಿನ ನ್ಯಾಯಾಲಯದಲ್ಲಿ ಹೂಡಿದ ದಾವೆ 2015ರಲ್ಲಿ 5.5 ಕೋಟಿ ಪೌಂಡ್‌ಗಳ ರಾಜಿಯಲ್ಲಿ ಮುಗಿಯಿತು. ಗೋಯಿ ಎಂಬ ಇನ್ನೊಂದು ಊರಿನ ಪ್ರಕರಣದಲ್ಲಿ 2021ರ ಜನವರಿಯಲ್ಲಿ ಹೇಗ್‌ನ ಮೇಲ್ಮನವಿ ನ್ಯಾಯಾಲಯ ಶೆಲ್‌ನ ನೈಜೀರಿಯಾ ಅಂಗಸಂಸ್ಥೆಯನ್ನು ಹೊಣೆಯಾಗಿಸಿತು. ಸಾರೊ-ವಿವಾ ಮತ್ತು ಸಂಗಡಿಗರಿಗೆ ನೈಜೀರಿಯಾದ ಅಧ್ಯಕ್ಷರು ಮರಣೋತ್ತರ ಕ್ಷಮಾದಾನ ಘೋಷಿಸಿದ್ದು 2025ರ ಜೂನ್‌ನಲ್ಲಿ, ಗಲ್ಲಿಗೇರಿಸಿ ಸುಮಾರು 30 ವರ್ಷಗಳಾದ ಮೇಲೆ.

ಎಂಡೊರೋಯಿಸ್: ಅಭಿವೃದ್ಧಿ ಯಾರಿಗಾಗಿ?

ಕೀನ್ಯಾದ ರಿಫ್ಟ್ ಕಣಿವೆಯ ಬೊಗೋರಿಯಾ ಸರೋವರದ ಸುತ್ತ ದನ, ಆಡು ಮೇಯಿಸಿಕೊಂಡಿದ್ದ ಎಂಡೊರೋಯಿಸ್ ಸಮುದಾಯದ ಸಂಖ್ಯೆ ದೂರಿನ ಪ್ರಕಾರ ಸುಮಾರು 60,000. ದನಗಳಿಗೆ ಉಪ್ಪಿನ ನೆಲ, ಔಷಧೀಯ ಸಸ್ಯಗಳು, ಹಿರಿಯರ ಸಮಾಧಿ, ಪೂಜಾಸ್ಥಳ ಎಲ್ಲವೂ ಆ ಸರೋವರದ ಬಳಿಯೇ ಇದ್ದವು. 1973ರಲ್ಲಿ ಸರ್ಕಾರ ಆ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಿ ಅವರನ್ನು ಒಕ್ಕಲೆಬ್ಬಿಸಿತು. 13 ವರ್ಷಗಳ ಬಳಿಕ 1986ರಲ್ಲಿ 170 ಕುಟುಂಬಗಳಿಗೆ ತಲಾ ಸುಮಾರು 3,150 ಶಿಲಿಂಗ್ ಕೊಡಲಾಯಿತು. ನಕುರುವಿನ ಉಚ್ಚ ನ್ಯಾಯಾಲಯ 2002ರಲ್ಲಿ ಸಮುದಾಯದ ಅರ್ಜಿಯನ್ನು ತಳ್ಳಿಹಾಕಿದ ಮೇಲೆ, 2003ರಲ್ಲಿ ಪ್ರಕರಣ ಬಂಜುಲ್ ತಲುಪಿತು.

2009ರ ನವೆಂಬರ್‌ನಲ್ಲಿ ಕೈಗೊಂಡ ತೀರ್ಮಾನ ಆಫ್ರಿಕಾ ಒಕ್ಕೂಟದ ಒಪ್ಪಿಗೆ ಪಡೆದು 2010ರ ಫೆಬ್ರುವರಿಯಲ್ಲಿ ಬಹಿರಂಗವಾಯಿತು. ಅಭಿವೃದ್ಧಿಯ ಹಕ್ಕಿನ ಉಲ್ಲಂಘನೆಯಾಗಿದೆಯೆಂದು ಆಯೋಗ ಹೇಳಿತು. ಜನರೊಡನೆ ಮುಂಚಿತವಾಗಿ ಸಮಾಲೋಚಿಸದೆ, ಲಾಭದಲ್ಲಿ ಪಾಲು ಕೊಡದೆ ನಡೆಸಿದ ಕಾರ್ಯ ಅಭಿವೃದ್ಧಿಯೆನಿಸದು ಎಂಬುದು ಅದರ ತಿರುಳು. ನೆಲದ ಒಡೆತನವನ್ನು ಮಾನ್ಯಮಾಡಿ ಹಿಂದಿರುಗಿಸಬೇಕು, ಸರೋವರಕ್ಕೆ ಅಡೆತಡೆಯಿಲ್ಲದ ಪ್ರವೇಶ ಕೊಡಬೇಕು, ನಷ್ಟಪರಿಹಾರ ಮತ್ತು ಆದಾಯದಲ್ಲಿ ರಾಜಧನ ನೀಡಬೇಕು, ಸಮುದಾಯದ ಸಮಿತಿಯನ್ನು ನೋಂದಾಯಿಸಬೇಕು ಎಂಬುವು ಪ್ರಮುಖ ಶಿಫಾರಸುಗಳು.

ಇವುಗಳಲ್ಲಿ ಸಮಿತಿಯ ನೋಂದಣಿಯಂಥ ಸುಲಭದ ಅಂಶಗಳು ಈಡೇರಿದವು. 2014ರಲ್ಲಿ ಸರ್ಕಾರ ಒಂದು ಕಾರ್ಯಪಡೆಯನ್ನೂ ರಚಿಸಿತು. ಆದರೆ ಮುಖ್ಯ ಬೇಡಿಕೆಯಾದ ನೆಲದ ಹಿಂದಿರುಗಿಸುವಿಕೆ ಮುಂದೆ ಸಾಗಲಿಲ್ಲ. ಈ ನಡುವೆ 2011ರಲ್ಲಿ ಬೊಗೋರಿಯಾ ಸರೋವರ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಎಂಡೊರೋಯಿಸರ ಒಪ್ಪಿಗೆ ಕೇಳಿಲ್ಲವೆಂದು ಆಯೋಗವೇ ನಿರ್ಣಯದ ಮೂಲಕ ಆಕ್ಷೇಪಿಸಬೇಕಾಯಿತು.

ಒಗಿಯೆಕ್: ಆಯೋಗದಿಂದ ನ್ಯಾಯಾಲಯಕ್ಕೆ

ಆಯೋಗದ ತೀರ್ಮಾನಗಳು ಶಿಫಾರಸಿನ ರೂಪದಲ್ಲಿರುತ್ತವೆ. ಈ ಕೊರತೆ ತುಂಬಲೆಂದೇ 1998ರ ಪ್ರೋಟೋಕಾಲ್ ಮೂಲಕ ಆಫ್ರಿಕಾ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಅಡಿಪಾಯ ಹಾಕಲಾಯಿತು. ಅದು 2004ರಲ್ಲಿ ಜಾರಿಗೆ ಬಂದಿತು. 11 ನ್ಯಾಯಾಧೀಶರ ಈ ನ್ಯಾಯಾಲಯ ಟಾಂಜಾನಿಯಾದ ಅರುಷಾದಲ್ಲಿದೆ. ಅದರ ತೀರ್ಪು ರಾಷ್ಟ್ರಗಳ ಮೇಲೆ ಬಂಧನಕಾರಿ. ಪ್ರೋಟೋಕಾಲನ್ನು ಒಪ್ಪಿದ ರಾಷ್ಟ್ರಗಳ ವಿರುದ್ಧ ಆಯೋಗವೇ ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ಯಬಹುದು. ಆದರೆ ವ್ಯಕ್ತಿಗಳು ಅಥವಾ ಸಂಸ್ಥೆಗಳು ನೇರವಾಗಿ ಹೋಗಬೇಕಾದರೆ ಆ ರಾಷ್ಟ್ರ ಪ್ರತ್ಯೇಕ ಘೋಷಣೆಯ ಮೂಲಕ ಸಮ್ಮತಿಸಿರಬೇಕು. ಇಂಥ ಘೋಷಣೆ ಮಾಡಿದ ರಾಷ್ಟ್ರಗಳೇ ಕಡಿಮೆ. ಅವುಗಳಲ್ಲಿ ರುವಾಂಡಾ 2016ರಲ್ಲಿ, ಟಾಂಜಾನಿಯಾ 2019ರಲ್ಲಿ, ಬೆನಿನ್ ಮತ್ತು ಐವರಿ ಕೋಸ್ಟ್ 2020ರಲ್ಲಿ ಸಮ್ಮತಿಯನ್ನು ಹಿಂತೆಗೆದುಕೊಂಡವು. 2025ರಲ್ಲಿ ಟ್ಯುನೀಷಿಯಾ ಅದೇ ಹಾದಿ ಹಿಡಿಯಿತು.

ಆಯೋಗದ ಮೂಲಕ ನ್ಯಾಯಾಲಯ ಮುಟ್ಟಿದ ಪ್ರಕರಣಗಳಲ್ಲಿ ಕೀನ್ಯಾದ ಒಗಿಯೆಕ್ ಜನರದ್ದು ಹೆಸರಾಂತದ್ದು. ಮಾವು ಎಂಬ ದಟ್ಟ ಅರಣ್ಯದಲ್ಲಿ ಜೇನು, ಬೇಟೆಗಳನ್ನು ಅವಲಂಬಿಸಿದ ಈ ಸಮುದಾಯಕ್ಕೆ 2009ರ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆ 30 ದಿನಗಳಲ್ಲಿ ಜಾಗ ಖಾಲಿಮಾಡುವಂತೆ ನೋಟಿಸು ನೀಡಿತು. ಮರುತಿಂಗಳೇ ದೂರು ಸ್ವೀಕರಿಸಿದ ಆಯೋಗ ಮಧ್ಯಂತರ ರಕ್ಷಣೆಗೆ ಸೂಚಿಸಿ, 2012ರಲ್ಲಿ ಪ್ರಕರಣವನ್ನು ಅರುಷಾಕ್ಕೆ ಕಳುಹಿಸಿತು. ಅರಣ್ಯ ಸಂರಕ್ಷಣೆಗಾಗಿ ಈ ಕ್ರಮ ಅನಿವಾರ್ಯವೆಂದು ಸರ್ಕಾರ ವಾದಿಸಿತು. ಆದರೆ ಕಾಡು ಕ್ಷೀಣಿಸಿದ್ದು ಒಗಿಯೆಕರಿಂದಲ್ಲ, ಹೊರಗಿನವರ ಒತ್ತುವರಿ ಮತ್ತು ಸರ್ಕಾರವೇ ಕೊಟ್ಟ ಪರವಾನಗಿಗಳಿಂದ ಎಂಬುದನ್ನು ದಾಖಲೆಗಳು ತೋರಿಸಿದವು. 2017ರ ಮೇ 26ರಂದು ನ್ಯಾಯಾಲಯ ಒಗಿಯೆಕರ ಪರ ತೀರ್ಪಿತ್ತಿತು. 2022ರ ಜೂನ್ 23ರ ಪರಿಹಾರ ತೀರ್ಪಿನಲ್ಲಿ ವಸ್ತುರೂಪದ ನಷ್ಟಕ್ಕೆ 5 ಕೋಟಿ 78 ಲಕ್ಷ 50 ಸಾವಿರ ಶಿಲಿಂಗ್, ಮಾನಸಿಕ ನೋವಿಗೆ 10 ಕೋಟಿ ಶಿಲಿಂಗ್ ಮತ್ತು ಸಾಮೂಹಿಕ ಹಕ್ಕುಪತ್ರ ನೀಡುವಂತೆ ಆದೇಶಿಸಿತು. ಹೀಗಿದ್ದೂ 2023ರ ನವೆಂಬರ್‌ನಲ್ಲಿ ಮಾವು ಅರಣ್ಯದ ಸಾಸಿಮ್ವಾನಿಯಲ್ಲಿ ಒಗಿಯೆಕರ ಮನೆಗಳು ಮತ್ತೆ ನೆಲಕ್ಕುರುಳಿದವು.

ಮೂರು ಪ್ರಕರಣಗಳ ಪಾಠ

ಮೂರರಲ್ಲಿಯೂ ವಿಳಂಬ ಸಮಾನ ಅಂಶ. ಒಗೋನಿ ದೂರು ಐದೂವರೆ ವರ್ಷ, ಎಂಡೊರೋಯಿಸ್ ದೂರು ಆರು ವರ್ಷಕ್ಕೂ ಮೇಲ್ಪಟ್ಟು ಹಿಡಿಯಿತು. ಒಗಿಯೆಕ್ ಪ್ರಕರಣದಲ್ಲಿ ದೂರಿನಿಂದ ಪರಿಹಾರ ತೀರ್ಪಿನವರೆಗೆ 12 ವರ್ಷಗಳು ಉರುಳಿದವು. ತೀರ್ಮಾನ ಬಂದ 180 ದಿನಗಳಲ್ಲಿ ಏನು ಕ್ರಮ ಕೈಗೊಂಡಿದ್ದೇವೆಂದು ಸರ್ಕಾರ ಆಯೋಗಕ್ಕೆ ವರದಿ ಮಾಡಬೇಕೆಂಬ ನಿಯಮವಿದೆ. ಆದರೆ ವರದಿ ಬಾರದಿದ್ದರೆ ಆಯೋಗದ ಕೈಯಲ್ಲಿ ಪೊಲೀಸರೂ ಇಲ್ಲ, ದಂಡ ವಿಧಿಸುವ ಅಧಿಕಾರವೂ ಇಲ್ಲ. ವಿಷಯವನ್ನು ಆಫ್ರಿಕಾ ಒಕ್ಕೂಟದ ಗಮನಕ್ಕೆ ತರಬಹುದು. ಆ ಒಕ್ಕೂಟದಲ್ಲಿ ಕೂರುವವು ಅವೇ ಸರ್ಕಾರಗಳು.

ಹಾಗಾದರೆ ದೂರಿನಿಂದ ಪ್ರಯೋಜನವೇನು? ಮೊದಲನೆಯದಾಗಿ, ನೆಲ ನಿಮ್ಮದಲ್ಲ ಎಂದು ಸರ್ಕಾರ ಹೇಳುತ್ತಿದ್ದಾಗ ಅದು ಅವರದೇ ಎಂಬ ಅಧಿಕೃತ ದಾಖಲೆ ಸಮುದಾಯದ ಕೈಗೆ ಬರುತ್ತದೆ. ಎರಡನೆಯದಾಗಿ, ಒಂದು ಪ್ರಕರಣದ ವ್ಯಾಖ್ಯಾನ ಮುಂದಿನದಕ್ಕೆ ಆಧಾರವಾಗುತ್ತದೆ. ಸೆರಾಕ್ ತೀರ್ಮಾನವನ್ನು ಎಂಡೊರೋಯಿಸ್ ಪ್ರಕರಣವೂ, ಅದನ್ನು ಒಗಿಯೆಕ್ ಪ್ರಕರಣವೂ ಹೆಗಲಾಗಿ ಬಳಸಿಕೊಂಡವು. ಮೂರನೆಯದಾಗಿ, ಬೇರೆ ವೇದಿಕೆಗಳಿಗೂ ದಾರಿ ತೆರೆಯುತ್ತದೆ. ಪಶ್ಚಿಮ ಆಫ್ರಿಕಾದ ‘ಎಕೊವಾಸ್’ ಒಕ್ಕೂಟದ ನ್ಯಾಯಾಲಯಕ್ಕೆ 2005ರಿಂದ ವ್ಯಕ್ತಿಗಳು ನೇರವಾಗಿ ಹೋಗಬಹುದು. ಅಲ್ಲಿ ದೇಶದೊಳಗಿನ ಮಾರ್ಗಗಳನ್ನು ಮುಗಿಸಬೇಕೆಂಬ ಷರತ್ತೂ ಇಲ್ಲ. ಇದೇ ಆಫ್ರಿಕಾ ಸನ್ನದಿನ 24ನೇ ವಿಧಿಯ ಆಧಾರದ ಮೇಲೆ ಆ ನ್ಯಾಯಾಲಯ 2012ರ ಡಿಸೆಂಬರ್‌ನಲ್ಲಿ ನೈಜರ್ ಮುಖಜಭೂಮಿಯ ಮಾಲಿನ್ಯಕ್ಕೆ ನೈಜೀರಿಯಾವನ್ನು ಹೊಣೆಯಾಗಿಸಿತು.

ಇತರ ಖಂಡಗಳು ಮತ್ತು ಭಾರತ

ಯುರೋಪಿನಲ್ಲಿ ಸಾಮಾಜಿಕ ಹಕ್ಕುಗಳಿಗೆ 1961ರ ಪ್ರತ್ಯೇಕ ಸನ್ನದಿದ್ದು, 1998ರಿಂದ ಸಾಮೂಹಿಕ ದೂರು ವ್ಯವಸ್ಥೆ ಜಾರಿಯಲ್ಲಿದೆ. ಆದರೆ ದೂರು ನೀಡುವ ಅಧಿಕಾರ ಕಾರ್ಮಿಕ ಸಂಘಟನೆಗಳು, ಮಾಲೀಕರ ಸಂಘಟನೆಗಳು ಮತ್ತು ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ. ಒಬ್ಬ ವ್ಯಕ್ತಿಗೆ ಅಲ್ಲಿ ಪ್ರವೇಶವಿಲ್ಲ. ಅಮೆರಿಕ ಖಂಡಗಳ 1988ರ ಸ್ಯಾನ್ ಸಾಲ್ವಡಾರ್ ಪ್ರೋಟೋಕಾಲ್ ಅನೇಕ ಸಾಮಾಜಿಕ ಹಕ್ಕುಗಳನ್ನು ಪಟ್ಟಿಮಾಡಿದರೂ ದೂರಿಗೆ ಅವಕಾಶ ಕೊಟ್ಟಿದ್ದು ಶಿಕ್ಷಣ ಮತ್ತು ಕಾರ್ಮಿಕ ಸಂಘದ ಹಕ್ಕುಗಳಿಗಷ್ಟೇ. ಈ ಹಿನ್ನೆಲೆಯಲ್ಲಿ ನೋಡಿದರೆ ಕಾಗದದ ಮೇಲೆ ಆಫ್ರಿಕಾದ ವ್ಯವಸ್ಥೆಯೇ ಹೆಚ್ಚು ಉದಾರವಾದದ್ದು.

ಏಷ್ಯಾದಲ್ಲಿ ಇಡೀ ಖಂಡಕ್ಕೆ ಇಂಥ ಆಯೋಗವಾಗಲಿ ನ್ಯಾಯಾಲಯವಾಗಲಿ ಇಲ್ಲ. ಆಗ್ನೇಯ ಏಷ್ಯಾದ ರಾಷ್ಟ್ರಗಳು 2009ರಲ್ಲಿ ಸ್ಥಾಪಿಸಿದ ಆಯೋಗಕ್ಕೆ ವೈಯಕ್ತಿಕ ದೂರುಗಳ ಮೇಲೆ ತೀರ್ಪು ಕೊಡುವ ಅಧಿಕಾರವಿಲ್ಲ. ಸಾರ್ಕ್‌ನಲ್ಲಿ ಅಂಥ ಆಯೋಗವೇ ಇಲ್ಲ. ಭಾರತ 1979ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಹಕ್ಕುಗಳ ಒಡಂಬಡಿಕೆಗೆ ಸೇರಿದರೂ, ಅದರಡಿ ದೂರಿಗೆ ಅವಕಾಶ ನೀಡುವ 2008ರ ಐಚ್ಛಿಕ ಪ್ರೋಟೋಕಾಲನ್ನು ಒಪ್ಪಿಲ್ಲ. ಹೀಗಾಗಿ ಕರ್ನಾಟಕದ ನಾಗರಿಕನಿಗೆ ವಸತಿ, ಆಹಾರ, ಆರೋಗ್ಯದ ಹಕ್ಕಿನ ದೂರಿಗೆ ಕೊನೆಯ ಮೆಟ್ಟಿಲು ದೇಶದೊಳಗಿನದೇ. 1993ರ ಕಾಯ್ದೆಯಡಿ ರಚಿತವಾದ ರಾಷ್ಟ್ರೀಯ ಮತ್ತು ರಾಜ್ಯ ಮಾನವ ಹಕ್ಕುಗಳ ಆಯೋಗಗಳು, ಉಚ್ಚ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯಗಳಿಂದಾಚೆಗೆ ಆತ ಹೋಗಬಹುದಾದ ಜಾಗವಿಲ್ಲ. ಘಟನೆ ನಡೆದು ಒಂದು ವರ್ಷ ಕಳೆದ ವಿಷಯಗಳನ್ನು ಈ ಆಯೋಗಗಳೂ ವಿಚಾರಿಸುವಂತಿಲ್ಲ, ಅವು ನೀಡುವುದೂ ಶಿಫಾರಸನ್ನೇ.

ಬಂಜುಲ್‌ನ ಅನುಭವ ಹೇಳುವುದಿಷ್ಟು: ಹಕ್ಕನ್ನು ಬರೆದಿಡುವುದು ಮೊದಲ ಹೆಜ್ಜೆ, ದೂರಿಗೆ ಬಾಗಿಲು ತೆರೆಯುವುದು ಎರಡನೆಯದು. ತೀರ್ಪನ್ನು ಹಿಡಿದುಕೊಂಡು ವರ್ಷಗಟ್ಟಲೆ ಬೆನ್ನುಬೀಳುವ ಸಂಘಟಿತ ಸಮುದಾಯವಿಲ್ಲದೆ ಮೂರನೆಯ ಹೆಜ್ಜೆ ಬೀಳುವುದಿಲ್ಲ. ಒಗೋನಿಯ ಬಾವಿಗಳು, ಬೊಗೋರಿಯಾದ ದಡ, ಮಾವು ಅರಣ್ಯದ ಜೇನುಗೂಡುಗಳು ಈ ಮೂರನೆಯ ಹೆಜ್ಜೆಯನ್ನೇ ಕಾಯುತ್ತಿವೆ.